ಅಪ್‌ಗ್ರೇಡ್ ಆದ ಮೇಲೆ ರಿಮೋಟ್ ಡೆಸ್ಕ್‌ಟಾಪ್ ಪರದೆ ಕೈಕೊಟ್ಟರೆ: ರಿಪೇರಿಯೋ, ವಾಪಸಾತಿಯೋ, ಬೇರೆ ಟೂಲೋ?

ಆಪರೇಟಿಂಗ್ ಸಿಸ್ಟಂ ಅಪ್‌ಗ್ರೇಡ್ ಮುಗಿದಿದೆ. ಕಂಪ್ಯೂಟರ್ ಮುಂದೆ ಕೂತು ನೋಡಿದರೆ ಎಲ್ಲ ಸರಿಯಾಗಿಯೇ ಇದೆ. ದೂರದಿಂದ ಕನೆಕ್ಟ್ ಆದರೆ ಮಾತ್ರ ಕಪ್ಪು ಪರದೆ, ಅದರ ಮೇಲೆ ಓಡಾಡುವ ಒಂದು ಕರ್ಸರ್. ಇಲ್ಲವೇ ಅಕ್ಷರಗಳೆಲ್ಲ ಮಸುಕು. ಇಲ್ಲವೇ ಮೆನುಗಳು ಓದಲಾಗದಷ್ಟು ಚಿಕ್ಕವು. ಇನ್ನು ಕೆಲವರಿಗೆ ಲಾಗಿನ್ ಆದ ಸ್ವಲ್ಪ ಹೊತ್ತಿಗೆ ಚಿತ್ರ ನಿಂತೇಹೋಗುತ್ತದೆ.

ಈ ಹೊತ್ತಿನಲ್ಲಿ ಎದುರಿಗೆ ನಾಲ್ಕು ದಾರಿಗಳಿರುತ್ತವೆ. ಇರುವ ಟೂಲ್‌ನ ಸೆಟ್ಟಿಂಗ್ ಸರಿಮಾಡುವುದು. ಡಿಸ್‌ಪ್ಲೇ ಡ್ರೈವರ್, ಅಂದರೆ ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್, ಬದಲಿಸುವುದು. ಹಳೆಯ ಆವೃತ್ತಿಗೆ ವಾಪಸ್ ಹೋಗುವುದು. ಬೇರೆ ಟೂಲ್ ಹಾಕಿಕೊಳ್ಳುವುದು. ಬಹಳ ಜನ ನೇರವಾಗಿ ಕೊನೆಯದಕ್ಕೆ ಕೈಹಾಕುತ್ತಾರೆ. ನನ್ನ ಪ್ರಕಾರ ಅದು ಆತುರ. ತೊಂದರೆ ಯಾವ ಕಡೆ ಇದೆ ಅಂತ ನೋಡದೆ ಟೂಲ್ ಬದಲಿಸಿದರೆ, ಅದೇ ತೊಂದರೆ ಹೊಸ ಟೂಲ್‌ನಲ್ಲೂ ಎದುರಾಗಬಹುದು. ಇತ್ತ ದಿನಗಳು ಕಳೆದು, ವಾಪಸ್ ಹೋಗುವ ಬಾಗಿಲು ಮುಚ್ಚಿಹೋಗಿರುತ್ತದೆ.

ಓದುವಾಗ ಗೊಂದಲ ಆಗದಿರಲಿ ಅಂತ, ನೀವು ಕೂತಿರುವ ಕಂಪ್ಯೂಟರನ್ನು ‘ಈಚೆಯದು’ ಅಂತಲೂ, ದೂರದಲ್ಲಿರುವುದನ್ನು ‘ಆಚೆಯದು’ ಅಂತಲೂ ಕರೆಯುತ್ತೇನೆ.

ಯಾವುದನ್ನು ನೋಡಿ ಆಯ್ಕೆ ಮಾಡಬೇಕು

ಮೊದಲನೆಯದು, ತೊಂದರೆ ಈಚೆಯೋ ಆಚೆಯೋ. ಇದನ್ನು ತಿಳಿಯಲು ಸುಲಭದ ದಾರಿ ಇದೆ. ಬೇರೊಂದು ಸಾಧನದಿಂದ, ಫೋನ್ ಆದರೂ ಸರಿ, ಅದೇ ಆಚೆಯ ಕಂಪ್ಯೂಟರ್‌ಗೆ ಕನೆಕ್ಟ್ ಆಗಿ ನೋಡಿ. ಫೋನ್‌ನಲ್ಲಿ ಪರದೆ ಚೆನ್ನಾಗಿ ಕಂಡರೆ ಆಚೆಯದರಲ್ಲಿ ದೋಷವಿಲ್ಲ, ನಿಮ್ಮ ಈಚೆಯ ಆ್ಯಪ್ ಅಥವಾ ಡ್ರೈವರ್ ಕಡೆ ಗಮನ ಕೊಡಿ. ಫೋನ್‌ನಲ್ಲೂ ಕಪ್ಪು ಬಂದರೆ ಈಚೆ ಏನು ಮಾಡಿದರೂ ಉಪಯೋಗವಿಲ್ಲ. ಇಷ್ಟು ಮಾಡುವುದಕ್ಕೆ ಐದು ನಿಮಿಷ ಸಾಕು. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ.

ಎರಡನೆಯದು, ಆಚೆ ಯಾರಾದರೂ ಇದ್ದಾರಾ? ಕಪ್ಪು ಪರದೆ ಬಂದರೆ ಪವರ್ ಬಟನ್ ಒತ್ತಲು, ಎದ್ದ ಕಿಟಕಿಯಲ್ಲಿ ‘ಅನುಮತಿಸು’ ಅಂತ ಕ್ಲಿಕ್ ಮಾಡಲು ಒಬ್ಬರಿದ್ದರೆ ಎಲ್ಲ ದಾರಿಗಳೂ ತೆರೆದಿರುತ್ತವೆ. ಯಾರೂ ಇಲ್ಲದಿದ್ದರೆ ಕೆಲವನ್ನು ಮುಟ್ಟಲೇಬಾರದು.

ಮೂರನೆಯದು, ಅಪ್‌ಗ್ರೇಡ್ ಆಗಿ ಎಷ್ಟು ದಿನ ಆಯಿತು. ವಿಂಡೋಸ್ 11ರಲ್ಲಿ ಹಳೆಯದಕ್ಕೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶ ಮಾತ್ರ. ವಾಪಸ್ ಹೋಗುವುದನ್ನು ಕೊನೆಗೆ ಮಾಡಿದರೂ, ಅದರ ಬಗ್ಗೆ ಯೋಚನೆಯನ್ನು ಮೊದಲೇ ಮಾಡಬೇಕಾಗುವುದು ಇದಕ್ಕೇ.

ಇನ್ನು ಉಳಿದದ್ದು ನಿಮ್ಮ ಕೆಲಸ ಯಾವುದು, ಯಂತ್ರ ಯಾರದು, ಖರ್ಚು ಎಷ್ಟು ಮಾಡಬಹುದು ಅನ್ನುವುದು. ದಿನವಿಡೀ ಅಕ್ಷರ ಓದುವವರ ಅಗತ್ಯ ಬೇರೆ, ವಿಡಿಯೋ ಎಡಿಟ್ ಮಾಡುವವರ ಅಗತ್ಯ ಬೇರೆ. ಕಚೇರಿಯ ಯಂತ್ರಕ್ಕೆ ನಿಮ್ಮಿಷ್ಟದ ಟೂಲ್ ಹಾಕುವಂತಿಲ್ಲ, ಅಲ್ವಾ.

ಮೊದಲ ದಾರಿ: ಇರುವ ಟೂಲನ್ನೇ ಸರಿಮಾಡುವುದು

ವಿಂಡೋಸ್‌ನ ಸ್ವಂತ ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ಇಲ್ಲಿಂದಲೇ ಶುರುಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಖರ್ಚಿಲ್ಲ, ಡೇಟಾಗೆ ಅಪಾಯವಿಲ್ಲ, ಮಾಡಿದ್ದನ್ನು ಹಾಗೇ ಹಿಂದಕ್ಕೆ ತೆಗೆಯಬಹುದು.

ಕಪ್ಪು ಪರದೆಯಿಂದ ಶುರುಮಾಡೋಣ. ಕಪ್ಪಿನ ಮೇಲೆ ಕರ್ಸರ್ ಓಡಾಡುತ್ತಿದೆ ಅಂದರೆ ಕನೆಕ್ಷನ್ ಇದೆ ಅಂತಲೇ ಅರ್ಥ. ಕಂಟ್ರೋಲ್, ಆಲ್ಟ್, ಎಂಡ್ ಮೂರನ್ನೂ ಒಟ್ಟಿಗೆ ಒತ್ತಿ. ಆಚೆಯ ಯಂತ್ರಕ್ಕೆ ಇದು ಕಂಟ್ರೋಲ್-ಆಲ್ಟ್-ಡಿಲೀಟ್ ಇದ್ದ ಹಾಗೆ. ನೀಲಿ ಮೆನು ಬಂದರೆ ಚಿತ್ರ ಬರುವ ದಾರಿ ಸರಿಯಿದೆ, ಡೆಸ್ಕ್‌ಟಾಪ್ ಮಾತ್ರ ಎದ್ದಿಲ್ಲ. ಅಲ್ಲಿಂದ ಟಾಸ್ಕ್ ಮ್ಯಾನೇಜರ್ ತೆರೆದು, ಹೊಸ ಟಾಸ್ಕ್ ಆಗಿ ‘ಎಕ್ಸ್‌ಪ್ಲೋರರ್’ ಓಡಿಸಿದರೆ ಎಷ್ಟೋ ಸಲ ಟಾಸ್ಕ್‌ಬಾರ್, ಐಕಾನ್‌ಗಳು ಬಂದುಬಿಡುತ್ತವೆ. ಬರದಿದ್ದರೆ ಅದೇ ಮೆನುವಿನಿಂದ ಸೈನ್ ಔಟ್ ಆಗಿ ಮತ್ತೆ ಬನ್ನಿ. ಕಿಟಕಿಯನ್ನು ಸುಮ್ನೆ ಮುಚ್ಚಿದರೆ ಅದು ಸೈನ್ ಔಟ್ ಅಲ್ಲ. ಹಳೆಯ ಸೆಷನ್, ಅಂದರೆ ಲಾಗಿನ್ ಆಗಿ ತೆರೆದಿದ್ದ ಡೆಸ್ಕ್‌ಟಾಪ್, ಅಲ್ಲೇ ಹಾಗೇ ಉಳಿದಿರುತ್ತದೆ, ಮುಂದಿನ ಸಲ ಅದೇ ಕಪ್ಪು ಪರದೆ ನಿಮ್ಮನ್ನು ಎದುರುಗೊಳ್ಳುತ್ತದೆ.

ಮೆನುವೂ ಬರಲಿಲ್ಲ ಅಂದರೆ ಗ್ರಾಫಿಕ್ಸ್ ದಾರಿಯ ಮೇಲೆ ಅನುಮಾನ ಪಡಬೇಕು. 2019ರಲ್ಲಿ ಬಂದ ವಿಂಡೋಸ್ 10ರ 1903 ಆವೃತ್ತಿಯಿಂದ ರಿಮೋಟ್ ಸೆಷನ್‌ಗೆ ಚಿತ್ರ ಕೊಡುವ ಡ್ರೈವರ್ ಬದಲಾಯಿತು. ಹಿಂದೆ ಎಕ್ಸ್‌ಡಿಡಿಎಂ ಅನ್ನುವ ಹಳೆಯ ಮಾದರಿ ಇತ್ತು, ಈಗ ಡಬ್ಲ್ಯುಡಿಡಿಎಂ. ಕೆಲವು ಗ್ರಾಫಿಕ್ಸ್ ಕಾರ್ಡ್‌ಗಳ ಡ್ರೈವರ್‌ಗೂ ಇದಕ್ಕೂ ಹೊಂದಿಕೆ ಆಗುವುದಿಲ್ಲ. ಆಗ ಕಪ್ಪು ಪರದೆ ಬರುತ್ತದೆ.

ಇದನ್ನು ಆಚೆಯ ಯಂತ್ರದ ಗ್ರೂಪ್ ಪಾಲಿಸಿ ಎಡಿಟರ್‌ನಲ್ಲಿ (ವಿಂಡೋಸ್‌ನ ಒಳಗಿನ ನಿಯಮಗಳನ್ನು ಬದಲಿಸುವ ಟೂಲ್) ಬದಲಿಸಬಹುದು. ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್, ರಿಮೋಟ್ ಸೆಷನ್ ಎನ್ವಿರಾನ್‌ಮೆಂಟ್ ಹೀಗೆ ಒಂದೊಂದೇ ತೆರೆಯುತ್ತಾ ಹೋಗಿ. ಅಲ್ಲಿ ‘ಯೂಸ್ ಡಬ್ಲ್ಯುಡಿಡಿಎಂ ಗ್ರಾಫಿಕ್ಸ್ ಡಿಸ್‌ಪ್ಲೇ ಡ್ರೈವರ್’ ಅಂತ ಶುರುವಾಗುವ ಪಾಲಿಸಿ ಇದೆ. ಅದನ್ನು ಡಿಸೇಬಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಹಳೆಯ ಮಾದರಿ ಜಾರಿಗೆ ಬರುತ್ತದೆ. ಆದರೆ ಇದು ಹಳೆಯ ದಾರಿ. ಮುಂದೆ ತೆಗೆದುಹಾಕುವುದಾಗಿ ಮೈಕ್ರೋಸಾಫ್ಟ್ ಆಗಲೇ ಹೇಳಿದೆ. ಒಳ್ಳೆಯ ಡ್ರೈವರ್ ಸಿಗುವವರೆಗಿನ ತಾತ್ಕಾಲಿಕ ಪರಿಹಾರ ಅಂತಷ್ಟೇ ಇದನ್ನು ಇಟ್ಟುಕೊಳ್ಳಿ.

ಚಿತ್ರ ಬಂದು ಆಮೇಲೆ ನಿಂತುಹೋಗುತ್ತಿದ್ದರೆ ಅದು ಬೇರೆಯದೇ ಕಥೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ 3389 ಪೋರ್ಟ್‌ನಲ್ಲಿ (ನೆಟ್‌ವರ್ಕ್‌ನ ಬಾಗಿಲಿನ ಸಂಖ್ಯೆ) ಟಿಸಿಪಿ, ಯುಡಿಪಿ ಅನ್ನುವ ಡೇಟಾ ಕಳಿಸುವ ಎರಡೂ ವಿಧಾನಗಳನ್ನು ಬಳಸುತ್ತದೆ. ಕೆಲವು ವಿಪಿಎನ್‌ಗಳಲ್ಲಿ (ಇಂಟರ್‌ನೆಟ್ ಮೇಲಿನ ಖಾಸಗಿ ಸುರಕ್ಷಿತ ದಾರಿ) ಯುಡಿಪಿ ಸರಿಯಾಗಿ ದಾಟುವುದಿಲ್ಲ. ಲಾಗಿನ್ ಆಗುತ್ತದೆ, ಸ್ವಲ್ಪ ಹೊತ್ತು ಎಲ್ಲ ಸರಿ ಇರುತ್ತದೆ, ಆಮೇಲೆ ಪರದೆ ಹೆಪ್ಪುಗಟ್ಟುತ್ತದೆ. ಈಚೆಯ ಯಂತ್ರದ ಗ್ರೂಪ್ ಪಾಲಿಸಿಯಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಕ್ಲೈಂಟ್ ಅನ್ನುವ ಕಡೆ, ‘ಟರ್ನ್ ಆಫ್ ಯುಡಿಪಿ ಆನ್ ಕ್ಲೈಂಟ್’ ಅಂತ ಇದೆ. ಅದನ್ನು ಎನೇಬಲ್ ಮಾಡಿ ನೋಡಿ. ಈಚೆಯದು ಹೋಮ್ ಆವೃತ್ತಿಯಾಗಿದ್ದರೆ ಗ್ರೂಪ್ ಪಾಲಿಸಿ ಎಡಿಟರ್ ಇರುವುದಿಲ್ಲ, ವಿಂಡೋಸ್‌ನ ಸೆಟ್ಟಿಂಗ್‌ಗಳು ಉಳಿದಿರುವ ರಿಜಿಸ್ಟ್ರಿಯಲ್ಲೇ ಬದಲಿಸಬೇಕು. ಇದರಿಂದ ಒಂದು ನಷ್ಟವೂ ಇದೆ. ನೆಟ್‌ವರ್ಕ್ ಆಗಾಗ ತಡವರಿಸುವ ಕಡೆ ವಿಡಿಯೋ, ಸ್ಕ್ರೋಲಿಂಗ್ ಮೊದಲಿನಷ್ಟು ನಯವಾಗಿ ಇರುವುದಿಲ್ಲ. ಅಕ್ಷರದ ಕೆಲಸಕ್ಕೆ ಇದರಿಂದ ಏನೂ ತೊಂದರೆಯಿಲ್ಲ.

ಮಸುಕಿನ ವಿಷಯಕ್ಕೆ ಬಂದರೆ, ಅದರಲ್ಲಿ ಎರಡು ಬಗೆ ಇದೆ. ಗಮನವಿಟ್ಟು ನೋಡಿದರೆ ಗೊತ್ತಾಗುತ್ತದೆ. ಬಿಳಿ ಹಾಳೆಯ ಮೇಲಿನ ಕಪ್ಪು ಅಕ್ಷರವೂ ಮಸುಕಾಗಿದ್ದರೆ ಅದು ಸ್ಕೇಲಿಂಗ್, ಅಂದರೆ ಅಕ್ಷರ, ಐಕಾನ್‌ಗಳನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವ ಅಳತೆಯ ತೊಂದರೆ. ಈಚೆಯ ಪರದೆ 150 ಶೇಕಡಾ ಸ್ಕೇಲ್‌ನಲ್ಲಿದ್ದು, ಆಚೆಯ ಸೆಷನ್ 100ರಲ್ಲಿ ಶುರುವಾಗಿದ್ದರೆ ಕೆಲವು ಆ್ಯಪ್‌ಗಳು ಚಿತ್ರವನ್ನು ಹಿಗ್ಗಿಸಿ ತೋರಿಸುತ್ತವೆ. ಪೂರ್ತಿ ಸೈನ್ ಔಟ್ ಆಗಿ ಮತ್ತೆ ಸೈನ್ ಇನ್ ಆದರೆ ಹೆಚ್ಚಿನವು ಸರಿಹೋಗುತ್ತವೆ. ಸ್ಮಾರ್ಟ್ ಸೈಜಿಂಗ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಅದು ಚಿತ್ರವನ್ನು ಕಿಟಕಿಯ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಹಾಕುವುದರಿಂದ ಅಕ್ಷರದ ಚೂಪು ಹೋಗುತ್ತದೆ.

ಕಪ್ಪು ಅಕ್ಷರ ಚೆನ್ನಾಗಿದ್ದು, ಕೆಂಪು ಅಥವಾ ನೀಲಿ ಅಕ್ಷರದ ಅಂಚು ಮಾತ್ರ ಕದಡಿದ ಹಾಗೆ ಕಂಡರೆ ಕಾರಣ ಬೇರೆ. ಚಿತ್ರವನ್ನು ವಿಡಿಯೋ ರೂಪದಲ್ಲಿ ಕಳಿಸುವಾಗ ಬ್ಯಾಂಡ್‌ವಿಡ್ತ್ ಉಳಿಸಲು ಬಣ್ಣದ ವಿವರವನ್ನು ಕಡಿಮೆ ಮಾಡುತ್ತಾರೆ. ಇದಕ್ಕೆ 4:2:0 ಅನ್ನುತ್ತಾರೆ. ಬಣ್ಣದಲ್ಲಿ ಕೋಡ್ ಓದುವವರ ಕಣ್ಣಿಗೆ ಇದು ಬೇಗ ತಟ್ಟುತ್ತದೆ. ಆಗಲೇ ಹೇಳಿದ ರಿಮೋಟ್ ಸೆಷನ್ ಎನ್ವಿರಾನ್‌ಮೆಂಟ್‌ನಲ್ಲೇ ಬಣ್ಣದ ವಿವರವನ್ನು ಪೂರ್ತಿ ಕಳಿಸುವ ಎವಿಸಿ 444 ಮೋಡ್‌ಗೆ ಆದ್ಯತೆ ಕೊಡುವ ಪಾಲಿಸಿ ಇದೆ. ಅದನ್ನು ಆನ್ ಮಾಡಿದರೆ ಬಣ್ಣದ ಅಂಚು ಚೂಪಾಗುತ್ತದೆ, ಅದಕ್ಕೆ ತಕ್ಕ ಹಾಗೆ ಬ್ಯಾಂಡ್‌ವಿಡ್ತ್ ಜಾಸ್ತಿ ಬೇಕು. ನಿಧಾನದ ಇಂಟರ್‌ನೆಟ್‌ನಲ್ಲಿ ಇದನ್ನು ಮಾಡಬೇಡಿ.

ಪರದೆಯ ತುಂಬ ಹಳೆಯ ಚಿತ್ರದ ಚೌಕಗಳು ಉಳಿದುಬಿಡುತ್ತಿದ್ದರೆ, ಕನೆಕ್ಟ್ ಆಗುವ ಮುಂಚೆ ಎಕ್ಸ್‌ಪೀರಿಯನ್ಸ್ ಟ್ಯಾಬ್‌ನಲ್ಲಿ ಪರ್ಸಿಸ್ಟೆಂಟ್ ಬಿಟ್‌ಮ್ಯಾಪ್ ಕ್ಯಾಶಿಂಗ್‌ನ ಟಿಕ್ ತೆಗೆದು ನೋಡಿ. ಈಚೆಯದರಲ್ಲಿ ಮೈಕ್ರೋಸಾಫ್ಟ್ ಸ್ಟೋರ್‌ನ ಹಳೆಯ ರಿಮೋಟ್ ಡೆಸ್ಕ್‌ಟಾಪ್ ಆ್ಯಪ್ ಬಳಸುತ್ತಿದ್ದರೆ ಅದನ್ನು ಬಿಟ್ಟುಬಿಡಿ. ಅದರ ಬೆಂಬಲ 2025ರ ಮೇ 27ಕ್ಕೇ ಮುಗಿದಿದೆ. ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಈಗಲೂ ಇದೆ.

ಎರಡನೆಯ ದಾರಿ: ಡ್ರೈವರ್

ಅಪ್‌ಗ್ರೇಡ್ ಸಮಯದಲ್ಲಿ ಗ್ರಾಫಿಕ್ಸ್ ಡ್ರೈವರ್ ಬದಲಾಗುವುದು ಸಾಮಾನ್ಯ. ಆಚೆಯ ಯಂತ್ರದ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ಸ್ ತೆರೆದು ನೋಡಿ. ನಿಮ್ಮ ಕಾರ್ಡ್‌ನ ಹೆಸರಿನ ಬದಲು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರೆ ಸರಿಯಾದ ಡ್ರೈವರ್ ಕೂತೇ ಇಲ್ಲ. ಹಾಗಿದ್ದಾಗ ಮೇಲೆ ಹೇಳಿದ ಸೆಟ್ಟಿಂಗ್‌ಗಳನ್ನು ಎಷ್ಟು ತಿದ್ದಿದರೂ ಪ್ರಯೋಜನ ಕಡಿಮೆ. ಕಾರ್ಡ್ ಅಥವಾ ಲ್ಯಾಪ್‌ಟಾಪ್ ತಯಾರಕರ ಡ್ರೈವರ್ ತಂದು ಹಾಕಿ. ಮೊದಲಿದ್ದ ಡ್ರೈವರೇ ಚೆನ್ನಾಗಿತ್ತು ಅನ್ನಿಸಿದರೆ ಪ್ರಾಪರ್ಟೀಸ್‌ನಲ್ಲಿ ರೋಲ್ ಬ್ಯಾಕ್ ಡ್ರೈವರ್ ಇದೆ. ಹಳೆಯದನ್ನು ಇಟ್ಟುಕೊಂಡಿರದಿದ್ದರೆ ಆ ಬಟನ್ ಒತ್ತಲು ಬರುವುದಿಲ್ಲ.

ಖರ್ಚಿಲ್ಲದ, ಬಾಳಿಕೆ ಬರುವ ದಾರಿ ಇದು. ಅಪಾಯ ಇರುವುದು ಒಂದೇ ಕಡೆ. ದೂರದಿಂದಲೇ ಡ್ರೈವರ್ ಬದಲಿಸುವಾಗ ಪರದೆ ಮಧ್ಯದಲ್ಲೇ ಹೋಗಬಹುದು. ಆಚೆ ಜನ ಇಲ್ಲದಿದ್ದರೆ, ಇನ್ನೊಂದು ಟೂಲ್‌ನಿಂದಲೂ ಒಳಗೆ ಹೋಗಬಹುದು ಅಂತ ಖಚಿತ ಮಾಡಿಕೊಂಡೇ ಇದಕ್ಕೆ ಕೈಹಾಕಿ.

ಮೂರನೆಯ ದಾರಿ: ಹಳೆಯ ಆವೃತ್ತಿಗೆ ವಾಪಸ್

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ತೆರೆದರೆ ‘ಗೋ ಬ್ಯಾಕ್’ ಇರುತ್ತದೆ. ನಿಮ್ಮ ಫೈಲ್‌ಗಳು ಉಳಿಯುತ್ತವೆ. ಅಪ್‌ಗ್ರೇಡ್ ಆದ ಮೇಲೆ ಹಾಕಿದ ಆ್ಯಪ್‌ಗಳು, ಬದಲಿಸಿದ ಸೆಟ್ಟಿಂಗ್‌ಗಳು ಹೋಗುತ್ತವೆ. ಜಾಗ ಮಾಡಿಕೊಳ್ಳಲು ಡಿಸ್ಕ್ ಕ್ಲೀನಪ್ ಓಡಿಸಿ ಹಳೆಯ ಆವೃತ್ತಿ ಉಳಿದಿರುವ ವಿಂಡೋಸ್ ಓಲ್ಡ್ ಫೋಲ್ಡರ್ ಅಳಿಸಿದ್ದರೆ ಈ ಬಾಗಿಲು ಮುಚ್ಚಿದಂತೆಯೇ. ಅವಕಾಶದ ದಿನಗಳನ್ನು ಡಿಸ್ಮ್ ಅನ್ನುವ ಕಮಾಂಡ್‌ನಿಂದ 60ರವರೆಗೂ ಹೆಚ್ಚಿಸಬಹುದು. ಆದರೆ ಆ ಮೊದಲ 10 ದಿನಗಳ ಒಳಗೇ ಹೆಚ್ಚಿಸಬೇಕು. ಇನ್ನೂ ತೀರ್ಮಾನ ಆಗದವರು ಇವತ್ತೇ ಇದೊಂದನ್ನು ಮಾಡಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ವಾಪಸ್ ಹೋಗುವುದು ಎಲ್ಲಿಗೆ ಅನ್ನುವುದನ್ನೂ ನೋಡಬೇಕು. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ದೂರದಿಂದ ತೆರೆಯುವ ಯಂತ್ರವನ್ನು ಭದ್ರತೆಯ ಅಪ್‌ಡೇಟ್ ಇಲ್ಲದೆ ಬಿಡುವುದು ನನಗಂತೂ ಒಪ್ಪಿಗೆಯಿಲ್ಲ. 2019ರಲ್ಲಿ ಬ್ಲೂಕೀಪ್ ಅನ್ನುವ ದೋಷ ಸಿಕ್ಕಿದ್ದು ಹಳೆಯ ವಿಂಡೋಸ್‌ಗಳ ಇದೇ ರಿಮೋಟ್ ಡೆಸ್ಕ್‌ಟಾಪ್ ಸೇವೆಯಲ್ಲಿ. ಪಾಸ್‌ವರ್ಡ್ ಇಲ್ಲದೆಯೇ ಯಂತ್ರವನ್ನು ವಶಕ್ಕೆ ತೆಗೆದುಕೊಳ್ಳಬಹುದಾದಷ್ಟು ಗಂಭೀರ ದೋಷ ಅದು. ವಿಂಡೋಸ್ 11ರ ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಹೋಗಿದ್ದವರು, ಹಿಂದಿನದಕ್ಕೆ ಇನ್ನೂ ಬೆಂಬಲ ಇದ್ದರೆ, ಧೈರ್ಯವಾಗಿ ಮರಳಬಹುದು.

ಮ್ಯಾಕ್‌ನಲ್ಲಿ ಇಂಥ ಬಟನ್ ಇಲ್ಲ. ಡಿಸ್ಕ್ ಅಳಿಸಿ ಹಳೆಯದನ್ನು ಹೊಸದಾಗಿ ಹಾಕಬೇಕು. ಲಿನಕ್ಸ್‌ನ ಒಂದು ಬಗೆಯಾದ ಉಬುಂಟುವಿನಲ್ಲೂ ಹಿಂದಿನ ಆವೃತ್ತಿಗೆ ಇಳಿಯುವ ದಾರಿ ಕೊಟ್ಟಿಲ್ಲ. ಈ ಎರಡರಲ್ಲೂ ವಾಪಸಾತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯೋಚಿಸುವುದೇ ಸರಿ.

ನಾಲ್ಕನೆಯ ದಾರಿ: ಬೇರೆ ಟೂಲ್

ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲೇಬೇಕು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ನಿಮಗೇ ಬೇರೆ ಪರದೆ ತಯಾರಿಸಿ ಕೊಡುತ್ತದೆ. ಆಚೆ ಮಾನಿಟರ್ ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ನೀವು ಒಳಗಿರುವಾಗ ಅಲ್ಲಿನ ಮಾನಿಟರ್ ಲಾಕ್ ಆಗಿರುತ್ತದೆ. ವಿಎನ್‌ಸಿ, ಎನಿಡೆಸ್ಕ್, ಟೀಮ್‌ವ್ಯೂವರ್, ರಸ್ಟ್‌ಡೆಸ್ಕ್ ಇವು ವಿಂಡೋಸ್‌ನಲ್ಲಿ ಹಾಗಲ್ಲ. ಆಚೆಯ ಮಾನಿಟರ್‌ನಲ್ಲಿ ಏನಿದೆಯೋ ಅದನ್ನೇ ತೋರಿಸುತ್ತವೆ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಕೂಡ ವಿಂಡೋಸ್‌ನಲ್ಲಿ ಹೀಗೆಯೇ.

ಇದರಿಂದ ಲಾಭವೂ ಇದೆ, ತೊಡಕೂ ಇದೆ. ರಿಮೋಟ್ ಸೆಷನ್‌ನ ಡ್ರೈವರ್‌ನಿಂದ ಕಪ್ಪು ಪರದೆ ಬರುತ್ತಿದ್ದರೆ ಈ ಟೂಲ್‌ಗಳಿಗೆ ಅದು ತಟ್ಟುವುದೇ ಇಲ್ಲ. ಆಚೆ ಕೂತವರಿಗೆ ಏನಾದರೂ ತೋರಿಸಿ ಕಲಿಸಬೇಕಾದರೂ ಇವೇ ಸರಿ. ಆದರೆ ಆಚೆಯ ಯಂತ್ರಕ್ಕೆ ಮಾನಿಟರ್ ಹಾಕಿಲ್ಲದಿದ್ದರೆ ಕಪ್ಪು ಪರದೆಯೋ, ತೀರಾ ಚಿಕ್ಕ ರೆಸಲ್ಯೂಷನ್ನೋ ಬರಬಹುದು. ಎಚ್‌ಡಿಎಂಐ ಡಮ್ಮಿ ಪ್ಲಗ್ ಅಂತ ಬೆರಳಿನಷ್ಟು ದೊಡ್ಡ ಸಾಧನ ಸಿಗುತ್ತದೆ. ಅದನ್ನು ಸಿಕ್ಕಿಸಿದರೆ ಮಾನಿಟರ್ ಇದೆ ಅಂತ ಯಂತ್ರ ನಂಬುತ್ತದೆ. ಮಾನಿಟರ್ ಇಲ್ಲದ ಯಂತ್ರಕ್ಕೆ ಇಂಥ ಟೂಲ್ ಹಾಕುವವರು ಇದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ ಬಹಳ ಜನರನ್ನು ಕಂಗೆಡಿಸುತ್ತದೆ. ಎನಿಡೆಸ್ಕ್ ಥರದ ಟೂಲನ್ನು ಇನ್‌ಸ್ಟಾಲ್ ಮಾಡದೆ ಹಾಗೇ ಓಡಿಸಿದಾಗ, ಆಚೆಯ ವಿಂಡೋಸ್ ‘ಈ ಆ್ಯಪ್ ಬದಲಾವಣೆ ಮಾಡಲು ಬಿಡಬೇಕೇ’ ಅಂತ ಕೇಳಿದ ಕೂಡಲೇ ನಿಮ್ಮ ಪರದೆ ನಿಂತುಹೋಗುತ್ತದೆ. ಆ ಪ್ರಶ್ನೆ ಬರುವುದು ವಿಂಡೋಸ್‌ನ ಪ್ರತ್ಯೇಕ ಸುರಕ್ಷಿತ ಡೆಸ್ಕ್‌ಟಾಪ್‌ನಲ್ಲಿ, ಅದನ್ನು ನೋಡುವ ಅಧಿಕಾರ ಇನ್‌ಸ್ಟಾಲ್ ಆಗದ ಟೂಲ್‌ಗೆ ಇರುವುದಿಲ್ಲ. ಇದು ಡಿಸ್‌ಪ್ಲೇ ದೋಷವೇ ಅಲ್ಲ. ಪೂರ್ತಿ ಇನ್‌ಸ್ಟಾಲ್ ಮಾಡಿದರೆ ಸರಿಹೋಗುತ್ತದೆ.

ಈ ಟೂಲ್‌ಗಳ ನಡುವೆ ಆಯ್ಕೆ ಹೇಗೆ? ಸ್ವಂತ ಬಳಕೆಗೆ, ಖರ್ಚಿಲ್ಲದೆ ಬೇಗ ಆಗಬೇಕು ಅಂದರೆ ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಸಾಕು. ಗೂಗಲ್ ಖಾತೆ, ಒಂದು ಪಿನ್ ಇದ್ದರಾಯಿತು, ರೌಟರ್ ಮುಟ್ಟಬೇಕಿಲ್ಲ. ಸೆಟ್ಟಿಂಗ್‌ಗಳು ಮಾತ್ರ ಕಡಿಮೆ. ಎನಿಡೆಸ್ಕ್, ಟೀಮ್‌ವ್ಯೂವರ್ ಹೆಚ್ಚು ಸೌಲಭ್ಯ ಕೊಡುತ್ತವೆ. ಸ್ವಂತಕ್ಕೆ ಉಚಿತ, ಕೆಲಸಕ್ಕೆ ಬಳಸಿದರೆ ಲೈಸೆನ್ಸ್ ಬೇಕು. ವ್ಯವಹಾರಕ್ಕೆ ಬಳಸುತ್ತಾ ಉಚಿತದ ಮೇಲೆ ನೆಚ್ಚಿಕೊಂಡರೆ, ಬೇಕಾದ ಹೊತ್ತಿಗೇ ಕನೆಕ್ಷನ್ ಕಡಿದುಹೋಗಬಹುದು. ನಿಮ್ಮ ಡೇಟಾ ಬೇರೆಯವರ ಸರ್ವರ್ ದಾಟಬಾರದು ಅಂತಿದ್ದರೆ ರಸ್ಟ್‌ಡೆಸ್ಕ್ ನೋಡಿ. ಓಪನ್ ಸೋರ್ಸ್, ಸರ್ವರನ್ನೂ ನೀವೇ ಇಟ್ಟುಕೊಳ್ಳಬಹುದು. ಹಣ ಉಳಿಯುತ್ತದೆ, ನೋಡಿಕೊಳ್ಳುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಮನೆಯ ನೆಟ್‌ವರ್ಕ್ ಒಳಗೇ ಕೆಲಸ ಅಂದರೆ ವಿಎನ್‌ಸಿ ಆದೀತು.

ಆಚೆಯದು ವಿಂಡೋಸ್ ಹೋಮ್ ಆಗಿದ್ದರೆ ಇಷ್ಟು ಯೋಚನೆ ಬೇಡ. ಹೋಮ್ ಆವೃತ್ತಿಯಿಂದ ಹೊರಗೆ ಕನೆಕ್ಟ್ ಆಗಬಹುದೇ ಹೊರತು ಅದರ ಒಳಗೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್‌ನಿಂದ ಬರಲಾಗುವುದಿಲ್ಲ. ಪ್ರೋ ಕೊಳ್ಳಬೇಕು, ಇಲ್ಲವೇ ಮೇಲಿನ ಟೂಲ್‌ಗಳಲ್ಲಿ ಒಂದನ್ನು ಹಾಕಬೇಕು.

ಯಾವ ಟೂಲ್ ಆದರೂ ಸರಿ, 3389 ಆಗಲಿ ವಿಎನ್‌ಸಿಯ 5900 ಆಗಲಿ, ಪೋರ್ಟನ್ನು ರೌಟರ್‌ನಲ್ಲಿ ಇಂಟರ್‌ನೆಟ್‌ಗೆ ನೇರವಾಗಿ ತೆರೆಯಬೇಡಿ. ವಿಪಿಎನ್ ಮೂಲಕವೇ ಬನ್ನಿ.

ಲಿನಕ್ಸ್ ಮತ್ತು ಮ್ಯಾಕ್ ಬಳಸುವವರಿಗೆ

ಲಿನಕ್ಸ್‌ನಲ್ಲಿ ಅಪ್‌ಗ್ರೇಡ್ ಆದ ಮೇಲೆ ಪರದೆ ಕೈಕೊಡಲು ದೊಡ್ಡ ಕಾರಣ ವೇಲ್ಯಾಂಡ್, ಅಂದರೆ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆ. ಹಳೆಯ ಎಕ್ಸ್11ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಪರದೆಯನ್ನು ಓದಬಹುದಿತ್ತು. ವೇಲ್ಯಾಂಡ್ ಹಾಗೆ ಬಿಡುವುದಿಲ್ಲ, ಮೊದಲು ಅನುಮತಿ ಕೇಳುತ್ತದೆ. ಕೇಳುವುದು ಎಲ್ಲಿ? ಆಚೆಯ ಯಂತ್ರದ ಪರದೆಯ ಮೇಲೆ. ಅಲ್ಲಿ ಯಾರೂ ಇಲ್ಲದಿದ್ದರೆ ಆ ಕಿಟಕಿ ಹಾಗೇ ಕಾಯುತ್ತಿರುತ್ತದೆ, ನಿಮಗೆ ಈಚೆ ಏನೂ ಕಾಣುವುದಿಲ್ಲ.

ಉಬುಂಟು 22.04ರಲ್ಲಿ ಡೆಸ್ಕ್‌ಟಾಪ್ ಹಂಚಿಕೆ ವಿಎನ್‌ಸಿಯಿಂದ ಆರ್‌ಡಿಪಿಗೆ, ಅಂದರೆ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸುವ ವಿಧಾನಕ್ಕೆ, ಬದಲಾಯಿತು. ಹಳೆಯ ವಿಎನ್‌ಸಿ ಕ್ಲೈಂಟ್ ಹಿಡಿದುಕೊಂಡವರು ಅಲ್ಲೇ ಸಿಕ್ಕಿಬಿದ್ದರು. 24.04ರಲ್ಲಿ ಸೆಟ್ಟಿಂಗ್ಸ್‌ನ ಸಿಸ್ಟಂ ಒಳಗೆ ‘ರಿಮೋಟ್ ಲಾಗಿನ್’ ಬಂತು. ಯಾರೂ ಲಾಗಿನ್ ಆಗದಿದ್ದರೂ ದೂರದಿಂದ ಒಳಗೆ ಹೋಗಬಹುದು. ಜನ ಇಲ್ಲದ ಯಂತ್ರಕ್ಕೆ ನನ್ನ ಮೊದಲ ಆಯ್ಕೆ ಇದೇ. ಲಿನಕ್ಸ್‌ಗೆ ಆರ್‌ಡಿಪಿಯಿಂದ ಬರಲು ಬಿಡುವ ಎಕ್ಸ್‌ಆರ್‌ಡಿಪಿ ಟೂಲ್ ಬಳಸುವವರಿಗೆ ಕಪ್ಪು ಪರದೆ ಬಂದರೆ, ಅದೇ ಬಳಕೆದಾರ ಆಚೆಯ ಯಂತ್ರದಲ್ಲಿ ನೇರವಾಗಿಯೂ ಲಾಗಿನ್ ಆಗಿದ್ದಾರಾ ಅಂತ ಮೊದಲು ನೋಡಿ. ಅಲ್ಲಿ ಲಾಗ್ ಔಟ್ ಮಾಡಿಸಿದರೆ ಎಷ್ಟೋ ಸಲ ಸರಿಹೋಗುತ್ತದೆ. ಉಬುಂಟು 25.10ರಲ್ಲಿ ಅದರ ಡೆಸ್ಕ್‌ಟಾಪ್ ಆದ ಗ್ನೋಮ್‌ಗೆ ಎಕ್ಸ್11 ಸೆಷನ್ನೇ ಇಲ್ಲ. ಹಾಗಾಗಿ ಅಲ್ಲಿ ಎಕ್ಸ್‌ಆರ್‌ಡಿಪಿ ಬೇಕೇ ಬೇಕು ಅಂದರೆ ಎಕ್ಸ್‌ಎಫ್‌ಸಿಇ ಥರದ ಹಗುರ ಡೆಸ್ಕ್‌ಟಾಪ್ ಹಾಕಿಕೊಳ್ಳಿ.

ಮ್ಯಾಕ್‌ನ ಕಥೆ ಚಿಕ್ಕದು. ಬೇರೆ ಕಂಪನಿಯ ಟೂಲ್‌ನಲ್ಲಿ ವಾಲ್‌ಪೇಪರ್ ಮಾತ್ರ ಕಂಡು ಕಿಟಕಿಗಳು ಕಾಣದಿದ್ದರೆ ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಹೋಗಿದೆ ಅಂತ ಅರ್ಥ. ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಅದನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ಟೂಲನ್ನು ಮರುಪ್ರಾರಂಭಿಸಿ. 2024ರ ಮ್ಯಾಕ್ ಆವೃತ್ತಿ ಸೆಕೋಯಾ ಬಂದ ಮೇಲೆ ಈ ಅನುಮತಿಯನ್ನು ಆಗಾಗ ಮತ್ತೆ ಕೇಳುವುದೂ ಇದೆ. ಎರಡೂ ಕಡೆ ಆ್ಯಪಲ್ ಚಿಪ್‌ನ ಮ್ಯಾಕ್ ಇದ್ದರೆ ಅದರದೇ ಸ್ಕ್ರೀನ್ ಶೇರಿಂಗ್ ಬಳಸಿ. 2023ರ ಸೊನೋಮಾದಿಂದ ಅದರಲ್ಲಿ ಹೈ ಪರ್ಫಾರ್ಮೆನ್ಸ್ ಮೋಡ್ ಇದೆ, ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ. ಅದಕ್ಕೆ ವೇಗದ ನೆಟ್‌ವರ್ಕ್ ಬೇಕು.

ಹಾಗಾದರೆ ನಿಮಗೆ ಯಾವುದು?

ನಿಮ್ಮದೇ ವಿಂಡೋಸ್ ಪ್ರೋ ಯಂತ್ರ, ಅಕ್ಷರದ ಕೆಲಸ, ಆಚೆ ಒಬ್ಬರಿದ್ದಾರೆ: ಸೆಟ್ಟಿಂಗ್ ಸರಿಮಾಡಿ, ಆಗದಿದ್ದರೆ ಡ್ರೈವರ್. ಟೂಲ್ ಬದಲಿಸುವವರೆಗೆ ಹೋಗುವ ಅಗತ್ಯ ಬರುವುದು ಅಪರೂಪ.

ವಯಸ್ಸಾದ ಅಪ್ಪ ಅಮ್ಮನ ಕಂಪ್ಯೂಟರ್ ನೋಡಿಕೊಳ್ಳುವವರು ಒಂದೇ ಪರದೆಯನ್ನು ಇಬ್ಬರೂ ನೋಡುವ ಟೂಲ್ ಹಾಕಿ. ‘ಇಲ್ಲಿ ಒತ್ತಿ ಅಮ್ಮ’ ಅಂತ ಹೇಳುವಾಗ ಅವರಿಗೂ ಅದು ಕಾಣಬೇಕು.

ಡಿಸೈನ್, ವಿಡಿಯೋ ಕೆಲಸದವರು ಹಳೆಯ ಡ್ರೈವರ್ ಮಾದರಿಗೆ ಇಳಿಯುವ ಪಾಲಿಸಿಯಿಂದ ದೂರ ಇರಿ. ಸರಿಯಾದ ಡ್ರೈವರ್‌ಗೆ ಸಮಯ ಕೊಡಿ. ಅಪ್‌ಗ್ರೇಡ್ ಆಗಿ ಕೆಲವೇ ದಿನ ಆಗಿದ್ದು, ಹಿಂದಿನ ಆವೃತ್ತಿಗೆ ಬೆಂಬಲ ಇದ್ದು, ಕೆಲಸ ಕೊಡುವ ಗಡುವು ಹತ್ತಿರ ಇದ್ದರೆ ವಾಪಸ್ ಹೋಗುವುದೂ ಒಳ್ಳೆಯ ತೀರ್ಮಾನವೇ.

ಆಚೆ ಯಾರೂ ಇಲ್ಲದ ಯಂತ್ರ ನೋಡಿಕೊಳ್ಳುವವರು ಒಂದೇ ಟೂಲ್ ನಂಬಬೇಡಿ. ಬೇರೆ ಬಗೆಯ ಎರಡನೆಯದನ್ನೂ ಹಾಕಿಡಿ. ಯಂತ್ರ ರೀಸ್ಟಾರ್ಟ್ ಮಾಡಿ, ಯಾರೂ ಲಾಗಿನ್ ಆಗದ ಸ್ಥಿತಿಯಲ್ಲಿ ಅದು ಲಾಗಿನ್ ಪರದೆ ತೋರಿಸುತ್ತದಾ ಅಂತ ನೋಡಿ. ತೋರಿಸಿದರೆ ಮಾತ್ರ ಡ್ರೈವರ್‌ಗೆ ಕೈಹಾಕಿ.

ಕಚೇರಿಯ ಯಂತ್ರವಾದರೆ ಐಟಿ ವಿಭಾಗಕ್ಕೆ ಬರೆಯಿರಿ. ‘ರಿಮೋಟ್ ಆಗ್ತಿಲ್ಲ’ ಅಂತಷ್ಟೇ ಬರೆದರೆ ಅವರೂ ಮೊದಲಿನಿಂದ ಕೇಳುತ್ತಾ ಬರಬೇಕಾಗುತ್ತದೆ. ಎರಡೂ ಕಡೆಯ ಆಪರೇಟಿಂಗ್ ಸಿಸ್ಟಂ ಆವೃತ್ತಿ, ಅಪ್‌ಗ್ರೇಡ್ ಆದ ದಿನ, ಫೋನ್‌ನಿಂದ ಕನೆಕ್ಟ್ ಆದಾಗ ಏನು ಕಂಡಿತು, ವಿಪಿಎನ್ ಆನ್ ಇತ್ತಾ, ಕಂಟ್ರೋಲ್-ಆಲ್ಟ್-ಎಂಡ್ ಒತ್ತಿದರೆ ಮೆನು ಬಂತಾ ಇಷ್ಟನ್ನು ಬರೆದು ಕಳಿಸಿ.